ಪೆರಡಾಲದ ಕನ್ನಡ ಮಾಸ್ಟ್ರು

ಕಯ್ಯಾರ ಕಿಞ್ಞಣ್ಣ ರೈ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ವಿಲೀನ ಹೋರಾಟ. ಮನೆಗೆ ಕಿಚ್ಚು ಹತ್ತಿದೆ ಎಂದು ಕನ್ನಡಿಗರನ್ನೆಲ್ಲ ಕೂಗಿ ಕರೆದ ಅವರ ಕವಿತೆ ಸಭೆಗಳಲ್ಲಿ ಎಷ್ಟು ಸಲ ಕೇಳಿಬಂತೆಂದರೆ, ಕವಿಯ ಉಳಿದ ಬದುಕು ಆ ಒಂದು ಕೂಗಿನ ಹಿಂದೆ ಮರೆಯಾಗಿಹೋಯಿತು. 1915ರ ಜೂನ್ 8ರಂದು ಹುಟ್ಟಿ 2015ರ ಆಗಸ್ಟ್ 9ರಂದು ತೀರಿಕೊಂಡ, ನೂರು ತುಂಬಿದ ಜೀವ ಅದು. ಆ ನೂರು ವರ್ಷಗಳಲ್ಲಿ ಮೂರು ದಶಕಗಳನ್ನು ಅವರು ಬದಿಯಡ್ಕದ ಪೆರಡಾಲ ನವಜೀವನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಕಳೆದರು. 1977ರಲ್ಲಿ ನಿವೃತ್ತರಾದರು. ಅವರನ್ನು ಕುರಿತ ಬರಹಗಳಲ್ಲಿ ಈ ಮೂರು ದಶಕಗಳಿಗೆ ಸಾಮಾನ್ಯವಾಗಿ ದಕ್ಕುವುದು ಒಂದು ವಾಕ್ಯ: ‘ಅಧ್ಯಾಪಕರಾಗಿಯೂ ಸೇವೆ ಸಲ್ಲಿಸಿದ್ದರು.’ ಆ ‘ಊ’ಕಾರವನ್ನು ತೆಗೆಯಬೇಕೆಂಬುದು ಈ ಲೇಖನದ ವಾದ. ಕಯ್ಯಾರರು ಕಾಸರಗೋಡಿನ ಕನ್ನಡಕ್ಕೆ ಮಾಡಿದ ಎಲ್ಲ ಕೆಲಸಗಳಲ್ಲಿ ತಳಪಾಯದಂತಿದ್ದದ್ದು ತರಗತಿಯ ಕೆಲಸ. ಹೋರಾಟವೂ ಕವಿತೆಯೂ ಅದರ ಮೇಲೆ ನಿಂತಿದ್ದವು.

ವಿಲೀನದ ಚರಿತ್ರೆಯನ್ನು ಚುಟುಕಾಗಿಯಾದರೂ ನೆನೆಯದೆ ಈ ವಾದ ಮುಂದೆ ಸಾಗದು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಕೋರ್ಟು, ಕಚೇರಿ, ಆಸ್ಪತ್ರೆ, ವ್ಯಾಪಾರ ಎಲ್ಲಕ್ಕೂ ಜನ ಮುಖ ಮಾಡುತ್ತಿದ್ದದ್ದು ಮಂಗಳೂರಿನ ಕಡೆಗೆ. 1955ರಲ್ಲಿ ವರದಿ ಕೊಟ್ಟ ರಾಜ್ಯ ಪುನರ್ವಿಂಗಡಣಾ ಆಯೋಗ ಈ ತಾಲ್ಲೂಕನ್ನು ಕೇರಳಕ್ಕೆ ಸೇರಿಸಲು ಹೇಳಿತು. ಜನ ಇದನ್ನು ಒಪ್ಪಲಿಲ್ಲವೆಂಬುದಕ್ಕೆ ಬಲವಾದ ಸಾಕ್ಷಿ 1957ರ ಕೇರಳದ ಮೊದಲ ವಿಧಾನಸಭಾ ಚುನಾವಣೆ. ಮಂಜೇಶ್ವರದಿಂದ ಎಂ. ಉಮೇಶ ರಾವ್ ವಿಲೀನದ ಪರವಾಗಿ ಪಕ್ಷೇತರರಾಗಿ ನಿಂತು ಅವಿರೋಧವಾಗಿ ಆಯ್ಕೆಯಾದರು. ಅವರ ಬಳಿಕ ಅದೇ ಕ್ಷೇತ್ರದಿಂದ ಅದೇ ನಿಲುವಿನ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದು ಬಂದರು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಜಾರಿಗೆ ಬರಲಿಲ್ಲ. ವಿಲೀನವಾಗಲೇಬೇಕೆಂಬ ಹಟವನ್ನು ಕಯ್ಯಾರರು ಕೊನೆಯವರೆಗೂ ಬಿಡಲಿಲ್ಲ. ಆದರೂ ಗಡಿಗೆರೆ 1956ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಹೋರಾಟವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಇಂಥ ದೊಡ್ಡ ಬದುಕನ್ನು ಕೈಗೂಡದ ಬೇಡಿಕೆಯೆಂಬ ಲೆಕ್ಕಕ್ಕೆ ಬರೆಯಬೇಕಾಗುತ್ತದೆ. ಅದು ಅನ್ಯಾಯ. ಅಷ್ಟೇ ಅಲ್ಲ, ನಿಜವೂ ಅಲ್ಲ.

ಏಕೆ ನಿಜವಲ್ಲ ಎಂಬುದನ್ನು ತಿಳಿಯಲು ಕಾಸರಗೋಡಿನ ಕನ್ನಡದ ಸ್ವಭಾವವನ್ನು ನೋಡಬೇಕು. ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಕನ್ನಡ ಮನೆಯಿಂದ ಶಾಲೆಗೆ ಹೋಗುತ್ತದೆ. ಕಾಸರಗೋಡಿನ ಬಹುಪಾಲು ಮನೆಗಳಲ್ಲಿ ಕನ್ನಡ ಶಾಲೆಯಿಂದ ಮನೆಗೆ ಬಂದದ್ದು. ಹವ್ಯಕರ ಮನೆಗಳಂಥ ಕೆಲವನ್ನು ಬಿಟ್ಟರೆ ಒಲೆಯ ಮುಂದಿನ ಮಾತು ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ. ಈ ನೆಲ ಕನ್ನಡಕ್ಕೆ ಕೊಟ್ಟ ಹೆಸರುಗಳನ್ನು ಇದೇ ಕಣ್ಣಿನಿಂದ ನೋಡಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟದ್ದು ಕನ್ನಡ ಕಾವ್ಯಕ್ಕಾಗಿ. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ. ಅವರು ಓದಿದ್ದು ಕಾಸರಗೋಡಿನ ಕನ್ನಡ ಶಾಲೆಯಲ್ಲಿ. ಕಯ್ಯಾರರು ಸ್ವತಃ ತುಳುವರು, ತುಳುವಿನಲ್ಲೂ ಕವಿತೆ ಬರೆದವರು. ಈ ಮೂವರನ್ನೂ ಕನ್ನಡದ ಲೇಖಕರನ್ನಾಗಿ ಮಾಡಿದ್ದು ರಕ್ತವಲ್ಲ, ಅಕ್ಷರ. ಹೀಗಿರುವ ಕಡೆ ಶಾಲೆ ಮುಚ್ಚಿದರೆ ತುಳು ಉಳಿಯುತ್ತದೆ, ಕೊಂಕಣಿ ಉಳಿಯುತ್ತದೆ, ಮಲಯಾಳ ಬೆಳೆಯುತ್ತದೆ. ಕನ್ನಡ ಮಾತ್ರ ಒಂದೇ ತಲೆಮಾರಿನಲ್ಲಿ ಕಣ್ಮರೆಯಾಗುತ್ತದೆ. ಆದ್ದರಿಂದ ಇಲ್ಲಿ ಕನ್ನಡ ಮಾಸ್ಟ್ರು ಎಂದರೆ ಇರುವ ಭಾಷೆಯನ್ನು ತಿದ್ದುವವನಲ್ಲ. ಭಾಷೆಯನ್ನು ಮಗುವಿಗೆ ಮೊದಲ ಸಲ ಕೈಯಿಂದ ಕೈಗೆ ದಾಟಿಸುವವನು.

ಇದಕ್ಕೊಂದು ಆಕ್ಷೇಪ ಸಿದ್ಧವಾಗಿದೆ: ಶಾಲೆಗೂ ಮೊದಲೇ ಯಕ್ಷಗಾನವಿರಲಿಲ್ಲವೇ? ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಈ ನೆಲದವು. ಓದು ಬಾರದ ತುಳುವ ರೈತ ಇಡೀ ರಾತ್ರಿ ಬಯಲಿನಲ್ಲಿ ಕೂತು ರಾಮನ ಕನ್ನಡವನ್ನೂ ರಾವಣನ ಕನ್ನಡವನ್ನೂ ಕೇಳಿ ಸವಿಯುತ್ತಿದ್ದ. ತಾಳಮದ್ದಳೆಯ ಅರ್ಥಧಾರಿಗಳು ಬರೆದಿಟ್ಟ ಸಾಲಿಲ್ಲದೆ ಗಂಟೆಗಟ್ಟಲೆ ಆಡುವ ಕನ್ನಡಕ್ಕೆ ಸಾಟಿ ಬೇರೆಲ್ಲೂ ಸಿಗುವುದು ಕಷ್ಟ. ಇದನ್ನು ಪೂರ್ತಿ ಒಪ್ಪಬೇಕು. ಆದರೆ ಯಕ್ಷಗಾನ ಕೊಡುವುದು ಕಿವಿಯ ಕನ್ನಡವನ್ನು. ಅರ್ಜಿ ಬರೆಯಲು, ಪತ್ರಿಕೆ ಓದಲು, ಪಹಣಿಯ ಸಾಲು ಅರ್ಥ ಮಾಡಿಕೊಳ್ಳಲು, ಹತ್ತನೆಯ ತರಗತಿ ಪಾಸಾಗಲು ಬೇಕಾದದ್ದು ಕಣ್ಣಿನ ಕನ್ನಡ, ಕೈಯ ಕನ್ನಡ. 1956ರ ಬಳಿಕ ಕಚೇರಿಯ ಆಸರೆ ತಪ್ಪಿಹೋದಾಗ ಅದನ್ನು ಕೊಡಬಲ್ಲ ಸಾರ್ವಜನಿಕ ಸಂಸ್ಥೆಯಾಗಿ ಉಳಿದದ್ದು ಶಾಲೆಯೊಂದೇ. ಗೋವಿಂದ ಪೈ, ಸಾರಾ ಮುಂತಾದವರು ಮದರಾಸು ಕಾಲದ ಫಲ, ಹೊಸ ವ್ಯವಸ್ಥೆಯ ಫಲವಲ್ಲ ಎಂದು ಯಾರಾದರೂ ಹೇಳಿದರೆ ಅದು ಈ ವಾದವನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಹಿಂದೆ ಕಚೇರಿ, ಕೋರ್ಟು, ಶಾಲೆ ಮೂವರೂ ಸೇರಿ ಹೊರುತ್ತಿದ್ದ ಪಲ್ಲಕ್ಕಿಯನ್ನು ಆಮೇಲೆ ಒಬ್ಬರೇ ಹೊರಬೇಕಾಯಿತು. ಪೆರಡಾಲದಲ್ಲಿ ಕಯ್ಯಾರರ ಅಧ್ಯಾಪನದ ಹೆಚ್ಚಿನ ಪಾಲು, ಅಂದರೆ ಕೊನೆಯ 21 ವರ್ಷಗಳು, ಈ ಒಂಟಿ ಹೊರೆಯ ಕಾಲಕ್ಕೆ ಸೇರಿದವು.

ತರಗತಿಯೊಳಗೆ ಆ ಹೊರೆ ಹೇಗಿರುತ್ತದೆ? ಒಂದು ಸಣ್ಣ ಉದಾಹರಣೆ ಸಾಕು. ಮಲಯಾಳದಲ್ಲಿ ‘ಅವನ್ ವನ್ನು’, ‘ಅವಳ್ ವನ್ನು’, ‘ಅದು ವನ್ನು’: ಯಾರು ಬಂದರೂ ಕ್ರಿಯಾಪದ ಒಂದೇ. ಮನೆಯಲ್ಲಿ ಹೀಗೆ ಮಾತಾಡುವ ಮಗುವಿಗೆ ಕನ್ನಡದ ‘ಬಂದನು, ಬಂದಳು, ಬಂದಿತು’ ಎಂಬುದು ಬರಿಯ ಹೊಸ ಪದಗಳಲ್ಲ; ಕ್ರಿಯಾಪದವೂ ಗಂಡು ಹೆಣ್ಣು ನೋಡಿ ಬದಲಾಗುತ್ತದೆ ಎಂಬ ಹೊಸ ತಿಳಿವಳಿಕೆ. ಪಕ್ಕದ ಬೆಂಚಿನ ತುಳು ಮಗುವಿಗೆ ಆ ತೊಡಕಿಲ್ಲ, ತುಳುವಿನಲ್ಲಿ ‘ಆಯೆ ಬತ್ತೆ’, ‘ಆಳ್ ಬತ್ತಳ್’ ಎಂಬ ಭೇದ ಇದೆ. ಅದರ ತೊಡಕು ಇನ್ನೆಲ್ಲೋ. ಮೂರನೆಯ ಬೆಂಚಿನ ಹವ್ಯಕ ಮಗು ಕನ್ನಡವನ್ನೇ ಆಡುತ್ತದೆ, ಆದರೆ ಪುಸ್ತಕದ ಕನ್ನಡವನ್ನಲ್ಲ. ಒಂದೇ ಗಂಟೆಯಲ್ಲಿ, ಒಂದೇ ಕರಿಹಲಗೆಯ ಮೇಲೆ, ಮೂರು ಮನೆಗಳಿಂದ ಬಂದ ಮೂರು ಬಗೆಯ ತಪ್ಪುಗಳನ್ನು ಬೇರೆಬೇರೆಯಾಗಿ ಗುರುತಿಸಿ, ಯಾವ ಮಗುವಿನ ಮನೆಮಾತಿಗೂ ಅವಮಾನವಾಗದಂತೆ ತಿದ್ದುವುದು ಗಡಿನಾಡಿನ ಕನ್ನಡ ಮಾಸ್ಟ್ರ ದಿನದ ಕೆಲಸ. ಕಯ್ಯಾರರು ಮೂರು ಭಾಗಗಳಲ್ಲಿ ‘ವ್ಯಾಕರಣ ಮತ್ತು ಪ್ರಬಂಧ’ವನ್ನೂ, ‘ನವೋದಯ ವಾಚನ ಮಾಲೆ’ ಎಂಬ ಎಂಟು ಪಠ್ಯಪುಸ್ತಕಗಳನ್ನೂ ಬರೆದದ್ದರ ಹಿಂದಿನ ಒತ್ತಾಯ ಇದೇ ಇರಬೇಕು. ‘ಶ್ರೀಮುಖ’, ‘ಐಕ್ಯಗಾನ’, ‘ಪುನರ್ನವ’ಗಳ ಕವಿಯನ್ನು ಚರ್ಚಿಸುವ ವಿಮರ್ಶಕರು ಈ ಪಠ್ಯಗಳನ್ನು ಗ್ರಂಥಪಟ್ಟಿಯ ಕೊನೆಗೆ ತಳ್ಳುತ್ತಾರೆ. ಸಂಸ್ಥೆಯೊಂದರ ಚರಿತ್ರೆಯನ್ನು ಬರೆಯುವವರಿಗೆ ಅವೇ ಮೊದಲು ಕೈಗೆತ್ತಿಕೊಳ್ಳಬೇಕಾದ ದಾಖಲೆಗಳು. ಕವನಸಂಕಲನವನ್ನು ನೂರು ಜನ ಓದಿದರೆ ವಾಚನಮಾಲೆಯನ್ನು ಇಡೀ ತರಗತಿ ಓದುತ್ತದೆ, ಅದೂ ಗಟ್ಟಿಯಾಗಿ.

ಕಾನೂನು ಏನು ಕೊಟ್ಟಿತ್ತು, ಏನು ಕೊಟ್ಟಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಇರಬೇಕೆಂದು ಅದು ಹೇಳುತ್ತದೆ. ಕಾಸರಗೋಡಿನ ಪಾಲಿಗೆ ಈ ಒಂದು ವಾಕ್ಯದಲ್ಲಿ ಎರಡು ಬಿರುಕುಗಳಿವೆ. ಮೊದಲನೆಯದು, ಮಾತು ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ಪೆರಡಾಲದಂಥ ಹೈಸ್ಕೂಲು ಅದರಾಚೆಗಿನದು. ಎರಡನೆಯದು ಇನ್ನೂ ಆಳವಾದದ್ದು: ತುಳು ಮಗುವಿನ ಮಾತೃಭಾಷೆ ಅಕ್ಷರಶಃ ಕನ್ನಡವಲ್ಲ. ಕಾನೂನಿನ ಭಾಷೆಯಲ್ಲಿ ಆ ಮಗುವಿನ ಕನ್ನಡದ ಹಕ್ಕು ತೆಳುವಾದದ್ದು; ತಂದೆ ತಾಯಿ ಪ್ರತಿವರ್ಷ ಮಾಡುವ ಆಯ್ಕೆಯ ಮೇಲೆ ನಿಂತದ್ದು. ಕೇರಳದ ಅನುದಾನಿತ ಶಾಲೆಗಳಲ್ಲಿ ಈ ಆಯ್ಕೆ ಅಂಕಿಯಾಗಿ ಬದಲಾಗುವ ದಿನವೂ ಗೊತ್ತುಮಾಡಿದ್ದಾಗಿದೆ. ಜೂನ್‌ನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ಎಣಿಕೆಯ ಮೇಲೆ ಡಿವಿಷನ್ನುಗಳು, ಡಿವಿಷನ್ನುಗಳ ಮೇಲೆ ಅಧ್ಯಾಪಕರ ಹುದ್ದೆಗಳು ನಿಗದಿಯಾಗುತ್ತವೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಅದರ ಹಿಂದೆಯೇ ಕನ್ನಡದ ಹುದ್ದೆ ಹೋಗುತ್ತದೆ. ವಿಧಾನಸಭೆಯಲ್ಲಿ ಗೊತ್ತುವಳಿ ಸೋತರೆ ಮತ್ತೆ ಮಂಡಿಸಬಹುದು. ಒಮ್ಮೆ ಹೋದ ಡಿವಿಷನ್ನನ್ನು ಮರಳಿ ತರುವುದು ಎಷ್ಟು ಕಷ್ಟ ಎಂಬುದು ಗಡಿನಾಡಿನ ಮುಖ್ಯೋಪಾಧ್ಯಾಯರನ್ನು ಕೇಳಿದರೆ ತಿಳಿಯುತ್ತದೆ.

ಇನ್ನು ಹೋರಾಟದ ಪರವಾಗಿ ಹೇಳಬೇಕಾದ ಮಾತಿದೆ, ಅದನ್ನು ಮುಚ್ಚಿಟ್ಟರೆ ವಾದ ಪ್ರಾಮಾಣಿಕವಾಗದು. ಬೀದಿಯಲ್ಲಿ ಕೂಗು ಇಲ್ಲದಿದ್ದರೆ ತರಗತಿಗೆ ರಕ್ಷಣೆ ಸಿಗುತ್ತಿತ್ತೇ? ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದು ಒಪ್ಪಿಕೊಂಡಿತು. ಇಂಥ ರಿಯಾಯಿತಿಗಳು ಸುಮ್ಮನೆ ಬರುವುದಿಲ್ಲ. ಚುನಾವಣೆ ಚುನಾವಣೆಯಲ್ಲೂ ತಮ್ಮ ಮನಸ್ಸನ್ನು ತೋರಿಸಿದ ಜನರ ಒತ್ತಡ ಅವುಗಳ ಹಿಂದಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗಲೂ, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ಕಳಿಸಿದಾಗಲೂ ಪ್ರತಿಭಟಿಸಿದವರು ಆ ಹಳೆಯ ಚಳವಳಿಯ ವಾರಸುದಾರರೇ. ಆದ್ದರಿಂದ ಹೋರಾಟಗಾರ ಕಯ್ಯಾರರನ್ನು ಇಳಿಸಿ ಅಧ್ಯಾಪಕ ಕಯ್ಯಾರರನ್ನು ಏರಿಸುವುದು ಇಲ್ಲಿನ ಉದ್ದೇಶವಲ್ಲ. ಯಾವುದು ಯಾವುದರ ಮೇಲೆ ನಿಂತಿದೆ ಎಂಬ ಕ್ರಮವನ್ನು ತೋರಿಸುವುದಷ್ಟೇ ಉದ್ದೇಶ. ಮನವಿಗೆ ಕನ್ನಡದಲ್ಲಿ ರುಜು ಹಾಕಲು ಬರುವವರು ಇದ್ದರೆ ತಾನೇ ಮನವಿ? ಆ ರುಜುಗಳನ್ನು ಕಲಿಸಿದ್ದು ಶಾಲೆ.

ಅಧ್ಯಾಪಕತನ ಅವರ ರಾಜಕೀಯವನ್ನೂ ಹದಗೊಳಿಸಿತು ಎಂಬುದಕ್ಕೆ ಅವರ ಅನುವಾದಗಳು ಸಾಕ್ಷಿ. ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಜೀವನಪೂರ್ತಿ ವಿರೋಧಿಸಿದ ಇದೇ ಕಯ್ಯಾರರು ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಅವರ ಜಗಳ ಒಂದು ಆಡಳಿತದ ತೀರ್ಮಾನದೊಡನೆ ಇತ್ತು, ನೆರೆಮನೆಯ ಭಾಷೆಯೊಡನೆ ಅಲ್ಲ. ಮಲಯಾಳ ಮಾತಾಡುವ ಮಗುವನ್ನು ದಿನವೂ ಎದುರಿಗೆ ಕೂರಿಸಿಕೊಂಡು ಪಾಠ ಹೇಳುವವನಿಗೆ ಆ ಭಾಷೆಯ ಮೇಲೆ ಹಗೆ ಸಾಧಿಸಲು ಬರುವುದಿಲ್ಲ. ಕೇರಳದ ಶಾಲೆಯ ಅಧ್ಯಾಪಕರಾಗಿದ್ದಾಗಲೇ, 1969ರಲ್ಲಿ, ಅವರಿಗೆ ಶ್ರೇಷ್ಠ ಅಧ್ಯಾಪಕರಿಗೆ ಕೊಡುವ ರಾಷ್ಟ್ರಪ್ರಶಸ್ತಿ ಬಂತೆಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು. 1997ರಲ್ಲಿ ಮಂಗಳೂರಿನಲ್ಲಿ ನಡೆದ 66ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಅವರನ್ನು ಮೊದಲು ಗುರುತಿಸಿದ್ದು ಕರಿಹಲಗೆ, ಆಮೇಲೆ ವೇದಿಕೆ.

ಪೆರಡಾಲದ ಶಾಲೆ, ಬದಿಯಡ್ಕದ ಪಂಚಾಯತು, ‘ಕವಿತಾ ಕುಟೀರ’ ಎಂದು ಹೆಸರಿಟ್ಟ ಮನೆ, ಅದರ ಸುತ್ತಿನ ಕೃಷಿ: ಕಯ್ಯಾರರ ಬದುಕು ಈ ಸಣ್ಣ ವೃತ್ತದೊಳಗೆ ನಡೆಯಿತು. ಪಂಚಾಯತಿನ ಅಧ್ಯಕ್ಷರಾಗಿ ಅವರು 15 ವರ್ಷ ದುಡಿದರು. ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ದುಡಿತವೆ ನನ್ನ ದೇವರು’. ಆ ಹೆಸರನ್ನು ಗೌರವಿಸುವುದಾದರೆ ಮನೆಯೊಳಗಿನ ದುಡಿತವನ್ನೂ ಲೆಕ್ಕಕ್ಕೆ ತರಬೇಕು. ಬೆಳಗ್ಗೆ ಶಾಲೆ, ಸಂಜೆ ಪಂಚಾಯತು, ರಜೆಯಲ್ಲಿ ವಿಲೀನ ಹೋರಾಟದ ಸಭೆ, ರಾತ್ರಿ ಬರವಣಿಗೆ ಎಂದಾದ ಮೇಲೆ ಕೃಷಿಯ ಮನೆಯೊಂದು ಹೇಗೆ ನಡೆಯುತ್ತದೆ? ಈ ಸೀಮೆಯ ಅಡಿಕೆ ತೋಟ ಯಾರ ಬಿಡುವಿಗೂ ಕಾಯುವುದಿಲ್ಲ. ಬೇಸಿಗೆಯಲ್ಲಿ ನೀರು ಹಾಯಬೇಕು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕು. ಕೊಯ್ದ ಅಡಿಕೆಯನ್ನು ಅಂಗಳದಲ್ಲಿ ಹರವಿ ಸುಮಾರು 40 ದಿನ ಒಣಗಿಸಬೇಕು, ಮೋಡ ಕಂಡಾಗ ಓಡಿ ಬಂದು ರಾಶಿ ಹಾಕಬೇಕು. ಇದರ ನಡುವೆ ಗದ್ದೆಯಿದೆ, ಹಟ್ಟಿಯಿದೆ, ಮಕ್ಕಳಿದ್ದಾರೆ, ಹೊತ್ತು ಗೊತ್ತಿಲ್ಲದೆ ಬರುವ ಅತಿಥಿಗಳಿದ್ದಾರೆ. ಗಂಡ ಊರಿನವನಾದಾಗ ಮನೆ ಹೆಂಡತಿಯದಾಗುತ್ತದೆ. ಆ ಕಾಲದ ಖಾಸಗಿ ಶಾಲೆಯ ಮೇಷ್ಟ್ರ ಸಂಬಳದಲ್ಲಿ ದೊಡ್ಡ ಸಂಸಾರ ಸಾಗಿತೆಂದರೆ ಸಾಗಿಸಿದವರು ಇನ್ನೊಬ್ಬರಿದ್ದರು. ಸ್ಮರಣ ಸಂಚಿಕೆಗಳಲ್ಲಿ ‘ಬಾಳಸಂಗಾತಿಯ ಸಹಕಾರ’ ಎಂದು ಎರಡು ಪದಗಳಲ್ಲಿ ಮುಗಿಸುವ ಈ ಸಂಗತಿ ಸಂಸ್ಥೆಯ ಚರಿತ್ರೆಯ ಒಳಗಿನದು, ಹೊರಗಿನದಲ್ಲ. ಗಡಿನಾಡಿನ ಕನ್ನಡ ಶಾಲೆಗೆ ದೊರೆತ ಅನುದಾನವನ್ನು ಲೆಕ್ಕ ಹಾಕುವಾಗ ಸರ್ಕಾರ ಕೊಟ್ಟ ಸಂಬಳದ ಜೊತೆಗೆ, ಮೇಷ್ಟ್ರುಗಳ ಮನೆಗಳಲ್ಲಿ ಹೆಂಗಸರು ಕೊಟ್ಟ ಸಮಯವನ್ನೂ ಜಮೆಯ ಕಡೆ ಬರೆಯಬೇಕು.

ಕೊನೆಯ ಆಕ್ಷೇಪ ಇವತ್ತಿನದು, ಎಲ್ಲಕ್ಕಿಂತ ಕಠಿಣವಾದದ್ದು. ಶಾಲೆಯೇ ತಳಪಾಯವೆಂದಿರಿ, ಆ ತಳಪಾಯವೂ ಕುಸಿಯುತ್ತಿದೆಯಲ್ಲ? ತಂದೆ ತಾಯಿಯರು ಇಂಗ್ಲಿಷ್ ಮಾಧ್ಯಮದ ಕಡೆ ಹೊರಟಿದ್ದಾರೆ, ಉದ್ಯೋಗ ಬೇಕಾದವರು ಮಲಯಾಳದ ಕಡೆ. ಕಾಸರಗೋಡಿನ ಶಾಲೆಯ ಕಥೆಯನ್ನಿಟ್ಟುಕೊಂಡು 2018ರಲ್ಲಿ ಬಂದ ರಿಷಬ್ ಶೆಟ್ಟಿಯವರ ಸಿನಿಮಾವನ್ನು ಕರ್ನಾಟಕದ ಜನ ಮೆಚ್ಚಿ ನೋಡಿದರು, ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಚಿತ್ರಮಂದಿರ ತುಂಬಿದಂತೆ ತರಗತಿ ತುಂಬಲಿಲ್ಲ. ಈ ಆಕ್ಷೇಪಕ್ಕೆ ಸಮಾಧಾನದ ಉತ್ತರ ಇಲ್ಲ. ಹೇಳಬಹುದಾದದ್ದು ಇಷ್ಟೇ: ಶಾಲೆಯ ಕೆಲಸ ಕಲ್ಲಿನ ಕಟ್ಟಡದಂತೆ ಒಮ್ಮೆ ಮುಗಿದು ನಿಲ್ಲುವಂಥದ್ದಲ್ಲ. ಅದು ತೋಟದ ಕೆಲಸದಂಥದ್ದು, ಪ್ರತಿವರ್ಷ ಹೊಸದಾಗಿ ಮಾಡಬೇಕಾದದ್ದು. ಒಬ್ಬ ಮಾಸ್ಟ್ರು 1977ರಲ್ಲಿ ನಿವೃತ್ತರಾದರೆ 1978ರ ಜೂನ್‌ನಲ್ಲಿ ಇನ್ನೊಬ್ಬರು ಅದೇ ‘ಬಂದನು, ಬಂದಳು’ವನ್ನು ಮೊದಲಿನಿಂದ ಶುರುಮಾಡಬೇಕು. ಪೆರಡಾಲದಲ್ಲಿ ಕಯ್ಯಾರರು ಒಬ್ಬರೇ ಇರಲಿಲ್ಲ. ಅಂಥ ಹಲವರು ಕುಂಬಳೆಯಲ್ಲಿ, ನೀರ್ಚಾಲಿನಲ್ಲಿ, ಮಂಜೇಶ್ವರದಲ್ಲಿ, ಮುಳ್ಳೇರಿಯದಲ್ಲಿ ಇದ್ದರು. ಕವಿತೆ ಬರೆಯದ ಕಾರಣಕ್ಕೆ ಅವರ ಹೆಸರುಗಳು ನಮಗೆ ಸಿಕ್ಕುತ್ತಿಲ್ಲ. ಕಯ್ಯಾರರ ಹೆಸರಿನಲ್ಲಿ ನಾವು ಅವರೆಲ್ಲರನ್ನೂ ನೆನೆಯಬೇಕಾಗಿದೆ.

ನೆನೆಯಲು ದಾಖಲೆ ಬೇಕು. ಗಡಿನಾಡಿನ ಕನ್ನಡ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರುಗಳಲ್ಲಿ, ಹಾಜರಿ ಪುಸ್ತಕಗಳಲ್ಲಿ, ವಾರ್ಷಿಕೋತ್ಸವದ ಕರಪತ್ರಗಳಲ್ಲಿ ಆ ಅಧ್ಯಾಪಕರ ಹೆಸರು ಮತ್ತು ಅವರು ಕಲಿಸಿದ ಮಕ್ಕಳ ಹೆಸರು ಇನ್ನೂ ಇವೆ. ಗೆದ್ದಲು ಹಿಡಿಯುವ ಮೊದಲು ಅವುಗಳ ಪ್ರತಿ ತೆಗೆಯಬೇಕು. ನಿಮ್ಮ ಮನೆಯ ಅಟ್ಟದಲ್ಲಿ ‘ನವೋದಯ ವಾಚನ ಮಾಲೆ’ಯ ಒಂದು ಪ್ರತಿ, ಶಾಲೆಯ ಒಂದು ಗುಂಪುಚಿತ್ರ, ಮಾಸ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದ ಒಂದು ಪ್ರಬಂಧದ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಹತ್ತಿರದ ಕನ್ನಡ ಶಾಲೆಗೆ ತಲುಪಿಸಿ. ಚಿತ್ರದ ಹಿಂಬದಿಯಲ್ಲಿ ನಿಂತವರ ಹೆಸರನ್ನೂ, ಗೊತ್ತಿದ್ದರೆ ಅವರ ಮನೆಯವರ ಹೆಸರನ್ನೂ, ಪೆನ್ಸಿಲಿನಲ್ಲಿ ಬರೆದು ಕೊಡಿ.